ಸುಟ್ಟುಹೋದ ರೀಲಿನಲ್ಲಿ ಏನಿತ್ತು

ಹದಿನೆಂಟು ರೂಪಾಯಿ. ಅದೂ ನಮ್ಮ ನಿಜಾಮರ ಹಾಲಿ ರೂಪಾಯಿ ಅಲ್ಲ, ಸೋಲಾಪುರದ ಕಡೆ ನಡೆಯುವ ಇಂಗ್ರಜಿ ಸರ್ಕಾರದ ರೂಪಾಯಿ, ಕಲ್ದಾರ. ಇಡೀ ಒಂದು ಚಲನಚಿತ್ರ ಹದಿನೆಂಟು ರೂಪಾಯಿಗೆ ಸಿಗುತ್ತದೆಯೇ ಎಂದು ನೀವು ಕೇಳಿದರೆ ಅದು ಸರಿಯಾದ ಪ್ರಶ್ನೆ. ಸಿಗುವುದಿಲ್ಲ. ನನಗೆ ಸಿಕ್ಕಿದ್ದಕ್ಕೆ ಕಾರಣ, ಅದರ ಆರು ರೀಲುಗಳಲ್ಲಿ ಕೊನೆಯದು ಸುಟ್ಟುಹೋಗಿತ್ತು. ಮಾರುವವ ಇಪ್ಪತ್ತೈದು ಹೇಳಿದ. ಕಥೆಯಲ್ಲಿ ಕೊಲೆ ಇದೆಯೇ ಎಂದು ಕೇಳಿದೆ. ಇದೆ, ಆದರೆ ಯಾರು ಯಾರನ್ನು ಕೊಲ್ಲುತ್ತಾರೆ ಎನ್ನುವುದು ಸುಟ್ಟ ರೀಲಿನಲ್ಲಿತ್ತು ಎಂದ. ಹಾಗಾದರೆ ನೀನು ಮಾರುತ್ತಿರುವುದು ಕೊಲೆಯಲ್ಲ, ಕೊಲೆಯ ಸಿದ್ಧತೆ, ಬರೀ ಸಿದ್ಧತೆಗೆ ಇಷ್ಟು ಬೆಲೆ ಇಲ್ಲ ಎಂದು ಎದ್ದು ನಿಂತೆ. ಹೊಸ್ತಿಲು ದಾಟುವ ಮೊದಲೇ ಕರೆದ.

ನಾನು ಬೀದರಿನ ಗಂಜ್ ಪೇಟೆಯಲ್ಲಿ ಹಳೆಯ ಗೋಣಿ, ಹಳೆಯ ಹಗ್ಗ, ಎಣ್ಣೆಯ ಖಾಲಿ ಡಬ್ಬಿ ಮಾರಿ ಮೇಲೆ ಬಂದವನು. ಬೇರೆಯವರು ಬೇಡವೆಂದು ಎಸೆದದ್ದರಲ್ಲಿಯೇ ನನ್ನ ರೊಟ್ಟಿ ಇತ್ತು. ಹಾಗಾಗಿ ಬಾಲವಿಲ್ಲದ ಚಿತ್ರ ಕೊಳ್ಳುವಾಗ ನನಗೆ ಅಳುಕಾಗಲಿಲ್ಲ. ಚಿತ್ರ ತೋರಿಸಲು ಕೈಯಿಂದ ತಿರುಗಿಸುವ ಯಂತ್ರವೊಂದನ್ನು ಮುಳುಗಿದ ಕಂಪನಿಯೊಂದರಿಂದ ಅದಾಗಲೇ ಕೊಂಡಿದ್ದೆ. ಊರೂರಿಗೆ ಒಯ್ದು ಆಟ ತೋರಿಸುವ ತಂಬುವನ್ನು ನನ್ನ ಗೋಣಿಗಳಿಂದಲೇ ಹೊಲಿಸಿದೆ. ಅದರಲ್ಲಿ ಮೆಣಸಿನಕಾಯಿ ತುಂಬಿದ್ದ ಗೋಣಿಗಳೂ ಸೇರಿಹೋಗಿದ್ದವು. ಗಾಳಿ ಬೀಸಿದರೆ ಒಳಗೆ ಕುಳಿತವರು ಕಥೆಗೆ ಅಳುತ್ತಿದ್ದಾರೋ ಖಾರಕ್ಕೆ ಅಳುತ್ತಿದ್ದಾರೋ ಹೇಳುವಂತಿರಲಿಲ್ಲ. ನಾನು ಯಾರನ್ನೂ ಕೇಳಲು ಹೋಗಲಿಲ್ಲ.

ಆಗಿನ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಪಕ್ಕದಲ್ಲಿ ಒಬ್ಬ ನಿಂತು, ನಡುನಡುವೆ ಬರುವ ಬರಹವನ್ನು ಓದಿ, ಕಥೆಯನ್ನು ಜನರಿಗೆ ಹೇಳಬೇಕಿತ್ತು. ಇದಕ್ಕೆ ಗಂಟಲು ಬೇಕು. ಬೀದರಿನಲ್ಲಿ ಅತ್ಯಂತ ದೊಡ್ಡ ಗಂಟಲು ಡಂಗುರ ಸಾರುವವನದು. ಮನ್ನಳ್ಳಿ ಕಡೆಯವನು, ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಊರನ್ನು ಎಬ್ಬಿಸಬಲ್ಲವನು. ಸರ್ಕಾರದ ಹುಕುಂ, ಕಳೆದುಹೋದ ಎಮ್ಮೆ, ಕಂದಾಯದ ಕೊನೆಯ ದಿನ, ಎಲ್ಲವನ್ನೂ ಒಂದೇ ರಾಗದಲ್ಲಿ ಸಾರಿ ಅಭ್ಯಾಸ. ಅವನನ್ನು ಕರೆದು ಚಿತ್ರವನ್ನು ನನ್ನ ಪಡಸಾಲೆಯ ಗೋಡೆಗೆ ಧೋತರ ಕಟ್ಟಿ ತೋರಿಸಿದೆ. ಬರಹವೆಲ್ಲ ಇಂಗ್ಲಿಷಿನಲ್ಲಿತ್ತು.

"ಇದನ್ನ ಓದಾವ್ರು ಯಾರು?" ಎಂದ.

ಇಂಗ್ಲಿಷ್ ಬಲ್ಲ ವಕೀಲರೊಬ್ಬರಿದ್ದರು. ಅವರು ಕೇಳಿದ ಫೀಸಿನಲ್ಲಿ ಇನ್ನೊಂದು ಚಿತ್ರ ಬರುತ್ತಿತ್ತು, ಕೊನೆಯ ರೀಲಿನ ಸಮೇತ. "ಓದೂದು ಯಾಕ ಬೇಕು? ನೋಡಿದರ ತಿಳೀತದಲ್ಲ" ಎಂದೆ.

ನೋಡಿ ನಾವಿಬ್ಬರು ತಿಳಿದುಕೊಂಡ ಕಥೆ ಇಷ್ಟು. ಒಬ್ಬ ಜೇಲಿನ ದಾರೋಗ. ಹೊಳೆಯ ದಂಡೆಯಲ್ಲಿ ಒಂಟಿ ಮನೆ. ಅವನ ಮಗಳು ಸತ್ತಿದ್ದಾಳೆ, ಅವಳ ಸಣ್ಣ ಬೂಟುಗಳನ್ನು ಕಪಾಟಿನಲ್ಲಿಟ್ಟುಕೊಂಡು ದಿನವೂ ಒರೆಸುತ್ತಾನೆ. ಒಂದು ದಿನ ಒಬ್ಬ ಮುದುಕಿ ಇಸ್ಪೀಟಿನ ಎಲೆ ಹರಡಿ ಅವನಿಗೆ ಏನೋ ಹೇಳುತ್ತಾಳೆ, ಅವನ ಮುಖ ಬಿಳಿಚಿಕೊಳ್ಳುತ್ತದೆ. ಆಮೇಲೆ ಮಳೆಯಲ್ಲಿ ತೊಯ್ದು ಒಬ್ಬ ಓಡಿಬಂದ ಕೈದಿ ಬಾಗಿಲು ಬಡಿಯುತ್ತಾನೆ. ದಾರೋಗ ಅವನನ್ನು ಹಿಡಿದುಕೊಡುವ ಬದಲು ಒಣ ಬಟ್ಟೆ ಕೊಡುತ್ತಾನೆ. ಇಬ್ಬರೂ ಚದುರಂಗ ಆಡುತ್ತಾರೆ, ನಗುತ್ತಾರೆ, ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ. ಐದನೆಯ ರೀಲಿನಲ್ಲಿ ಗೊತ್ತಾಗುತ್ತದೆ: ಮಗಳ ಮೇಲೆ ಹರಿದ ಕುದುರೆಗಾಡಿಯನ್ನು ಹೊಡೆಯುತ್ತಿದ್ದವನು ಈ ಕೈದಿಯೇ. ಮೇಜಿನ ಮೇಲೆ ಚಾಕು. ಗಾಳಿಗೆ ದೀಪ ಆರುತ್ತದೆ. ಒಲೆಯ ಬೆಂಕಿಯ ಬೆಳಕಿಗೆ ಗೋಡೆಯ ಮೇಲೆ ಎತ್ತಿದ ಕೈಯೊಂದರ ನೆರಳು. ಯಾರ ಕೈ ಎಂದು ಕಾಣುವುದಿಲ್ಲ. ಅಲ್ಲಿಗೆ ನನ್ನ ಹದಿನೆಂಟು ರೂಪಾಯಿ ಮುಗಿಯುತ್ತದೆ.

"ಆ ಮುದುಕಿ ಏನಂತಾಳ?" ಎಂದು ಅವನನ್ನು ಕೇಳಿದೆ.

"ಮನಿಗಿ ಬಂದ ಪಾವಣ್ಯಾ ನಿನ್ನ ಜೀವಾ ತಗೋತಾನ ಅಂತಾಳ" ಎಂದ, ಕ್ಷಣವೂ ಯೋಚಿಸದೆ. ಕಥೆಗೆ ಮೊಳೆ ಹೊಡೆದಂತಾಯಿತು. ಅದನ್ನೇ ಇಟ್ಟುಕೊಂಡೆವು.

ಬೀದರಿನಲ್ಲಿ ಕೋಟೆಯ ಹೊರಗಿನ ಬಯಲಿನಲ್ಲಿ ತಂಬು ಹೊಡೆದೆ. ನಾನು ಯಂತ್ರ ತಿರುಗಿಸಿದೆ, ಅವನು ಪರದೆಯ ಪಕ್ಕ ಡಂಗುರ ಕಟ್ಟಿಕೊಂಡು ನಿಂತ. ದಾರೋಗ ಮಗಳ ಬೂಟು ಎದೆಗಪ್ಪಿಕೊಂಡಾಗ ಇವನ ಗಂಟಲು ಎದ್ದಿತು: "ಕೇಳ್ರಿ ಮಹಾಜನಾ, ಸಮಸ್ತರಿಗಿ ತಿಳಸೂದು ಏನಂದ್ರ, ಈ ದಾರೋಗನ ಮಗಳು ಸತ್ತಾಳ, ಅವನಿಗಿ ಭಾಳ ದುಃಖ ಆಗ್ಯಾದ." ಡಮ್ ಡಮ್. ಕಂದಾಯ ಬಾಕಿ ಇದ್ದ ಇಬ್ಬರು ಅಭ್ಯಾಸದಿಂದ ಎದ್ದು ಹೊರಗೆ ಹೋದರು, ಆಮೇಲೆ ತಿಳಿದು ತಿರುಗಿ ಬಂದರು.

ಕೊನೆಗೆ ಪರದೆ ಬೆಳ್ಳಗಾದಾಗ ನಾವು ಗೊತ್ತುಮಾಡಿಕೊಂಡಂತೆ ಅವನು ಸಾರಿದ: ಕೈ ಪಾವಣ್ಯಾನದು, ಎಂದರೆ ಮನೆಗೆ ಬಂದ ಆ ಕೈದಿಯದು, ದಾರೋಗ ಸತ್ತ, ಮುದುಕಿ ಹೇಳಿದ್ದು ಆಯಿತು. ಬೀದರಿನವರಿಗೆ ಇದು ಬಹಳ ಹಿಡಿಸಿತು. ಟಾಂಗಾ ಹೊಡೆಯುವವನೊಬ್ಬ ಕಣ್ಣೊರೆಸಿಕೊಂಡು "ನಸೀಬ್ ಸಾಹೇಬ್, ನಸೀಬ್" ಎಂದು ನನ್ನ ಕೈ ಹಿಡಿದು ಹೋದ. ಮರುದಿನ ಹೆಂಡತಿಯನ್ನು ಕರೆತಂದ. ಸಾವಿನಷ್ಟು ಚೆನ್ನಾಗಿ ಮಾರಾಟವಾಗುವ ಸರಕು ಇಲ್ಲವೆಂದು ನನಗೆ ಖಾತ್ರಿಯಾಯಿತು. ಆ ಖಾತ್ರಿಯನ್ನು ಗಾಡಿಗೆ ಹೇರಿಕೊಂಡು ಭಾಲ್ಕಿಗೆ ಹೊರಟೆ.

ಭಾಲ್ಕಿಯಲ್ಲಿ ತಂಬುವಿಗೆ ತಕ್ಕ ಜಾಗ ಒಂದೇ ಇತ್ತು. ಅದು ಒಬ್ಬ ಅವ್ವನದು. ಗಂಡನಿಲ್ಲದಾಕೆ, ಹಲಬರ್ಗಾದ ದಾರಿಯಲ್ಲಿ ಹೊಲವಿತ್ತು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಕೋಲು. ಕೋಲು ನಡೆಯಲಿಕ್ಕಲ್ಲ, ತೋರಿಸಿ ಮಾತನಾಡಲಿಕ್ಕೆ. ನಾನು ಬಾಡಿಗೆಯ ಮಾತು ತೆಗೆದೆ, ನೆಲ ಕಲ್ಲು ಅಂದೆ, ಇಳಿಜಾರು ಅಂದೆ, ಎರಡು ಸಲ ಎದ್ದು ಹೋಗುವ ಆಟ ಆಡಿದೆ. ಆಕೆ ಕರೆಯಲಿಲ್ಲ. ಎರಡು ಸಲವೂ ನಾನೇ ತಿರುಗಿ ಬಂದೆ.

"ಮುಗೀತೇನು ತಮ್ಮಾ ನಿನ್ನ ಸುತ್ತಾಡೂದು? ನನಗ ರೊಕ್ಕ ಬ್ಯಾಡ" ಎಂದಳು. "ಎಲ್ಲಾರಕಿಂತ ಮುಂದ ನನ್ನ ಚಾಪಿ ಹಾಸಬೇಕು, ದಿನಾ. ಮತ್ತ, ನೀ ಊರು ಬಿಡೂ ಮುಂದ ನಾ ಒಂದು ಮಾತು ಕೇಳ್ತೇನಿ. ಅದಕ್ಕ ಖರೇ ಜವಾಬು ಕೊಡಬೇಕು. ಇದೇ ಬಾಡಿಗಿ."

"ಇಷ್ಟೇ ಏನ್ರೆವ್ವಾ?"

"ಇಷ್ಟೇ ಅಂತೀ. ವ್ಯಾಪಾರಿ ಇದ್ದೀ, ಕೊಡ್ಲಿಕ್ಕೆ ಆಗ್ತದೋ ಇಲ್ಲೋ ನೋಡು."

ನಾನು ಗೆದ್ದೆನೆಂದುಕೊಂಡೆ. ಹಣ ಬೇಡವೆನ್ನುವವರ ಜೊತೆ ವ್ಯವಹಾರ ಮಾಡುವಾಗ ಜೇಬಿನಲ್ಲಿ ಏನಿದೆ ಎಂದಲ್ಲ, ಬಾಯಲ್ಲಿ ಏನಿದೆ ಎಂದು ಮೊದಲು ನೋಡಿಕೊಳ್ಳಬೇಕೆಂದು ಆಗ ನನಗೆ ಗೊತ್ತಿರಲಿಲ್ಲ.

ಮೊದಲ ದಿನದ ಆಟ. ಮುದುಕಿ ಎಲೆ ಹರಡಿದಳು, ಡಂಗುರದವ ಅವಳ ಭವಿಷ್ಯವನ್ನು ಸಾರಿದ. ಅವ್ವನ ಬೆನ್ನು ನೆಟ್ಟಗಾದದ್ದನ್ನು ಯಂತ್ರದ ಹತ್ತಿರದಿಂದ ಕಂಡೆ. ಕೊನೆಗೆ ದಾರೋಗ ಸತ್ತನೆಂದು ಸಾರಿದಾಗ ತಂಬುವಿನಲ್ಲಿ ಯಾರೂ ಅಳಲಿಲ್ಲ. ನಡುವಯಸ್ಸಿನ ಕಿರಾಣಿ ಅಂಗಡಿಯವರೊಬ್ಬರು ರುಮಾಲು ಸರಿಮಾಡಿಕೊಂಡು ಎದ್ದರು.

"ಅಲ್ರಿ, ಇಸ್ಪೀಟ ಎಲಿ ನೋಡಿ ಸಾವು ಹೇಳ್ತಾಳ, ಅದು ಖರೇನೂ ಆಗ್ತದ. ಲಿಂಗ ಕಟ್ಟಿದವರ ಊರಿಗಿ ಬಂದು ಇಂಥಾದ್ದು ತೋರಸ್ತೀರಿ. ನಾವು ಪಂಚಾಂಗ ನೋಡ್ಲಾರ್ದೇ ಲಗ್ನ ಮಾಡ್ತೇವಿ, ಗೊತ್ತೇನ್ರಿ ನಿಮಗ?"

"ಚಿತ್ರದಾಗ ಹಂಗದರಿ ಅಪ್ಪಾವರ" ಎಂದೆ.

"ಹಂಗಾದ್ರ ನಾಳಿ ಬ್ಯಾರೆ ಇರಲಿ. ಆ ದಾರೋಗ ಬದುಕಬೇಕು. ಇಲ್ಲಂದ್ರ ನಿಮ್ಮ ತಂಬು ಬದುಕಾಂಗಿಲ್ಲ."

ಗಿರಾಕಿಯ ಮಾತು ಮೀರಿ ನಾನು ಯಾವ ಗೋಣಿಯನ್ನೂ ಮಾರಿಲ್ಲ. ಮರುದಿನ ದಾರೋಗ ಬದುಕಿದ. ಎತ್ತಿದ ಕೈ ಕಿಟಕಿಯಿಂದ ಬಂದ ಮೂರನೆಯ ಕಳ್ಳನದಾಯಿತು, ಪಾವಣ್ಯಾ ಅಡ್ಡ ಬಿದ್ದು ದಾರೋಗನನ್ನು ಉಳಿಸಿದ, ಎಲೆಯ ಮುದುಕಿ ಸುಳ್ಳುಗಾತಿ ಎಂದು ಸರ್ಕಾರದವರು ಅವಳನ್ನು ಗಡಿಪಾರು ಮಾಡಿದರು. ಕೊನೆಯದು ಡಂಗುರದವ ಹುಮ್ಮಸ್ಸಿನಲ್ಲಿ ತಾನಾಗಿ ಸೇರಿಸಿದ್ದು. ಜನ ಚಪ್ಪಾಳೆ ಹೊಡೆದರು. ಅಂಗಡಿಯವರು ಒಂದು ಅಚ್ಚು ಬೆಲ್ಲ ಕಳಿಸಿದರು.

ಅವ್ವ ಮಾತ್ರ ಎದ್ದು ಬಂದು ನನ್ನ ಯಂತ್ರದ ಮುಂದೆ ನಿಂತಳು. "ನಿನ್ನಿ ಸತ್ತವ ಇವತ್ತ ಹ್ಯಾಂಗ ಎದ್ದ?"

"ಈ ಊರಿನ ಪುಣ್ಯಾರಿ ಅವ್ವಾ."

"ನಿನ್ನಿನೂ ಇದೇ ಊರು ಇತ್ತಲ್ಲೋ" ಎಂದು ಕೋಲು ಬೀಸುತ್ತ ಹೋದಳು.

ಅಲ್ಲಿದ್ದಷ್ಟು ದಿನವೂ ಅವಳು ಬಂದಳು. ಪ್ರತಿದಿನ ನಮಗಿಬ್ಬರಿಗೂ ಜೋಳದ ರೊಟ್ಟಿ, ಪುಂಡಿಪಲ್ಯ ತಂದುಕೊಟ್ಟು, ನಾವು ತಿನ್ನುವಾಗ ನನ್ನ ಗೋಣಿಯ ಹೊಲಿಗೆ, ನನ್ನ ಎತ್ತಿನ ಹಲ್ಲು, ನನ್ನ ಮೀಸೆ ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದಳು. ನಾನೂ ಬಿಡುತ್ತಿರಲಿಲ್ಲ. ಅವಳ ರೊಟ್ಟಿ ದಪ್ಪವೆಂದೆ. "ನಿನ್ನ ನಾಲಗಿಗಿ ತಕ್ಕಂಗ ಬಡದೇನಿ" ಎಂದಳು. ಜಗಳಾಡಲು ಸರಿಯಾದ ಜೋಡಿ ಸಿಕ್ಕ ಖುಷಿ ಇಬ್ಬರಿಗೂ ಇತ್ತೆಂದು ಈಗ ಅನಿಸುತ್ತದೆ.

ಹೊರಡುವ ದಿನ ಬೆಳಿಗ್ಗೆ ಡಂಗುರದವ ಅವಳ ಸಂಗತಿಯನ್ನು ಊರ ಬಾವಿಕಟ್ಟೆಯಿಂದ ಕೇಳಿಕೊಂಡು ಬಂದ. ಅವಳಿಗೊಬ್ಬ ಮಗನಿದ್ದ. ಕೆಲವು ವರ್ಷಗಳ ಹಿಂದೆ ಭವಿಷ್ಯ ಹೇಳುವವನೊಬ್ಬ ಬಾಗಿಲಿಗೆ ಬಂದು, ಈ ಮಗನಿಗೆ ಜಲಗಂಡವಿದೆ, ನೀರಿನಿಂದ ಸಾವು, ಶಾಂತಿ ಮಾಡಿಸಿ ಎಂದನಂತೆ. ಅವ್ವ ನಕ್ಕು, "ನಮ್ಮ ಮನಿಯಾಗ ಶಾಂತಿ ಅದ, ನಿನಗ ಹಸಿವಿ ಇದ್ದರ ಉಂಡು ಹೋಗು" ಎಂದು ಊಟ ಹಾಕಿ ಕಳಿಸಿದಳಂತೆ. ಅದೇ ವರ್ಷ ಮಗ ಹೊಲದ ಬಾವಿಯಲ್ಲಿ ಸತ್ತ. ನಂಟರಲ್ಲಿ ಕೆಲವರು, ಪಂಚಾಂಗ ನೋಡುವುದಿಲ್ಲವೆನ್ನುವವರೇ, ಆಕೆಯ ಹಟ ಮಗನನ್ನು ನುಂಗಿತು ಎಂದರು. ಆಕೆ ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

"ಆಕಿ ಏನು ಕೇಳ್ತಾಳಂತ ತಿಳೀತಲ್ಲ?" ಎಂದ. "ಬದುಕಿದ ಅಂತ ಹೇಳಿಬಿಡ್ರಿ. ಅದೇ ಖರೇ ಕೊನಿ ಅನ್ರಿ. ನಿಮಗೇನು ಹೋಗ್ತದ?"

ನನಗೂ ಅದೇ ಸರಿಯೆನಿಸಿತು. ಖರ್ಚಿಲ್ಲದ ಬಾಡಿಗೆ, ಕೇಳಿದವರಿಗೂ ಸಮಾಧಾನ. ಇಂಥ ಒಳ್ಳೆಯ ವ್ಯಾಪಾರ ದಿನವೂ ಸಿಗುವುದಿಲ್ಲ.

ತಂಬು ಬಿಚ್ಚಲು ಹೋದರೆ ದೊಡ್ಡ ಗೂಟದ ಪಕ್ಕ, ಅದಕ್ಕೆ ಬೆನ್ನು ಕೊಟ್ಟು, ಹಗ್ಗವನ್ನು ತೋಳಿಗೆ ಸುತ್ತಿಕೊಂಡು ಅವ್ವ ಕುಳಿತಿದ್ದಳು.

"ಬಾಡಿಗಿ ಬಾಕಿ ಅದ" ಎಂದಳು.

"ಕೇಳ್ರಿ ಅವ್ವಾ."

"ಆ ದಾರೋಗ ಸತ್ತನೋ ಬದುಕಿದನೋ?"

"ಬದುಕಿದರಿ. ಖರೇ ಕೊನಿ ಅದೇ. ಬೀದರದಾಗ ನಾವು ಸುಮ್ಮ..."

"ತಮ್ಮಾ" ಎಂದಳು, ಮೆಲ್ಲಗೆ. ಮೊದಲ ಸಲ ಕೋಲು ನೆಲದ ಮೇಲಿತ್ತು. "ಬಾಡಿಗಿ ಖೋಟಾ ನಾಣ್ಯದಾಗ ಕೊಡಬ್ಯಾಡ. ಹಂಗ ಹೇಳಾವ್ರು ನನ್ನ ಮನಿಯಾಗೇ ಭಾಳ ಮಂದಿ ಅದಾರ. ನಿನ್ನ ತಪ್ಪಿಲ್ಲ ಅಂತ ಒಬ್ಬರು, ನಿನ್ನದೇ ತಪ್ಪು ಅಂತ ಒಬ್ಬರು. ಇಬ್ಬರಿಗೂ ಏನೂ ಗೊತ್ತಿಲ್ಲ."

ಚೌಕಾಸಿಯಲ್ಲಿ ಎದುರಿನವರು ನಿಜವಾದ ಕೊನೆಯ ಬೆಲೆಗೆ ಬಂದಿದ್ದಾರೆಂದು ತಿಳಿಯುವ ಒಂದು ಗಳಿಗೆ ಇರುತ್ತದೆ. ಅದರಾಚೆ ಒಂದು ಪೈಸೆಯೂ ಅಲುಗುವುದಿಲ್ಲ. ನಾನು ಗಾಡಿಗೆ ಹೋಗಿ ಡಬ್ಬಿ ತೆರೆದು ಐದನೆಯ ರೀಲು ತಂದೆ. ತುದಿಯನ್ನು ಬಿಚ್ಚಿ ಅವಳ ಕೈಗೆ ಕೊಟ್ಟೆ. ಆರನೆಯದು ಸುಟ್ಟಾಗ ಅದರ ತುದಿಗೂ ಬಿಸಿ ತಾಗಿ ಸುರುಟಿತ್ತು. ಅವಳು ಮೂಸಿದಳು, ಬೆರಳಿನಿಂದ ಸವರಿದಳು.

"ಇದರ ಮುಂದಿಂದು ಸುಟ್ಟಾದರಿ. ನಾನೂ ನೋಡಿಲ್ಲ, ಮಾರಿದವನೂ ನೋಡಿಲ್ಲ" ಎಂದೆ.

"ಆ ಕೈ ಯಾರದು?"

"ಗೊತ್ತಿಲ್ಲರಿ."

"ಮತ್ತ ಆ ಮುದುಕಿ ಹೇಳಿದ್ದು? ಅದಂತೂ ಮೊದಲನೇ ರೀಲಿನಾಗ ಅದ. ಸುಟ್ಟಿಲ್ಲ."

ನಾನು ಡಂಗುರದವನನ್ನು ನೋಡಿದೆ. ಅವನು ತನ್ನ ಡಂಗುರದ ಚರ್ಮ ನೋಡಿಕೊಂಡ. "ಅದು ನಾ ಹೇಳಿದ್ದರಿ ಅವ್ವಾ. ಆಕಿ ಬಾಯಿ ಅಷ್ಟೇ ಅಲ್ಲಾಡ್ತದ. ಬರದದ್ದು ಇಂಗ್ರಜಿ. ನಮಗಿಬ್ಬರಿಗೂ ಬರಾಂಗಿಲ್ಲ."

"ಹಂಗಾದ್ರ ಆಕಿ ಏನಂತಿದ್ದಾಳು?"

"ಯಾರಿಗಿ ಗೊತ್ತರಿ. ಒಂದು ಕಪ್ಪು ಚಾ ಕೊಡು ಅಂದಿರಬೇಕು."

ಅವ್ವ ನಕ್ಕಳು. ಅಷ್ಟು ದಿನಗಳಲ್ಲಿ ನಾನು ಕಂಡ ಮೊದಲ ನಗು, ಹೊಟ್ಟೆಯಿಂದ ಬಂದದ್ದು. ಚಹಾಕ್ಕೆ ಮುಖ ಬಿಳಿಚಿಕೊಂಡ ಆ ಜಿಪುಣ ದಾರೋಗನನ್ನು ನೆನೆದು ನಾವೂ ನಕ್ಕೆವು. ನಗು ನಿಂತ ಮೇಲೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. "ನಿನ್ನ ಗ್ವಾಣಿ ಖಾರ ಭಾಳ ಅದ ತಮ್ಮಾ" ಎಂದಳು. ಗಾಳಿ ಇರಲಿಲ್ಲ. ನಾನು ಹೌದೆಂದೆ.

"ನನ್ನ ಬಾಗಿಲಿಗಿ ಬಂದವ ಇಂಗ್ರಜಿ ಹೇಳಿಲ್ಲ" ಎಂದಳು ಆಮೇಲೆ. "ನನ್ನ ಕಿವಿಲೇ ಕೇಳೀನಿ. ಜಲಗಂಡ ಅಂದ."

ಅವಳ ತೋಳಿಗೆ ಸುತ್ತಿದ್ದ ಹಗ್ಗ ನೋಡುತ್ತ ನಿಂತಿದ್ದೆ. ಹಗ್ಗ ಮಾರಿದವನ ಕಣ್ಣು ಬೇರೆ ಕಡೆ ಹೋಗುವುದಿಲ್ಲ. ಬಾಯಿಂದ ಬಂದದ್ದೂ ಅದೇ.

"ಹೊಲದ ಬಾವ್ಯಾಗ ಏನಾತರಿ ಅವ್ವಾ? ನೀರು ಎತ್ತೂ ಮುಂದ ಏನು?"

"ಹೂಂ. ಎತ್ತು ಹೂಡಿ ನೀರು ಎಳಸ್ಲಿಕ್ಕತ್ತಿದ್ದ. ಹಗ್ಗ ಹರೀತು. ಅದನ್ನ ಹಿಡೀಲಿಕ್ಕೆ ಬಾಗ್ಯಾನ."

"ಹಗ್ಗ ಎಷ್ಟು ಹಳೇದಿತ್ತು?"

"ಎಲ್ಲಾರೂ ನಕ್ಷತ್ರ ಕೇಳಿದರು" ಎಂದಳು. "ವಾರ ಕೇಳಿದರು. ಹಗ್ಗ ಯಾರೂ ಕೇಳಿಲ್ಲ." ತೋಳಿಗೆ ಸುತ್ತಿದ್ದ ಹಗ್ಗವನ್ನು ಸುತ್ತು ಸುತ್ತಾಗಿ ಬಿಚ್ಚತೊಡಗಿದಳು. "ಹಳೇದು. ಎರಡು ಕಡಿ ಗಂಟು ಹಾಕಿತ್ತು. ದಸರಾ ಆದ ಮ್ಯಾಲ ಹೊಸಾದು ತರೂಣು ಅವ್ವಾ ಅಂದಿದ್ದ. ನಾನೂ ಹೂಂ ಅಂದಿದ್ದೆ."

ಹಗ್ಗವೆಲ್ಲ ಬಿಚ್ಚಿದ ಮೇಲೆ ಎದ್ದು, ಸೀರೆಯ ಮಣ್ಣು ಕೊಡವಿ, ಕೋಲಿನಿಂದ ಗೂಟಕ್ಕೆ ಒಮ್ಮೆ ತಟ್ಟಿದಳು. "ಕಿತ್ಕೋ. ಬಾಡಿಗಿ ಮುಟ್ಟಿತು."

ಔರಾದಿನಲ್ಲಿ ನಾವು ತಂಬು ಹೊಡೆದ ಮೊದಲ ಸಂಜೆ, ಜನ ಸೇರುವ ಹೊತ್ತಿಗೆ, ಎತ್ತಿನ ಕೊಲ್ಲಾರಿ ಬಂಡಿಯೊಂದು ಬಂದು ನಿಂತಿತು. ಚಾಪೆ ಕಂಕುಳಲ್ಲಿಟ್ಟುಕೊಂಡು ಅವ್ವ ಇಳಿದಳು. ಇಲ್ಲಿ ತನ್ನ ತಂಗಿ ಇದ್ದಾಳೆ, ಅದಕ್ಕೇ ಬಂದದ್ದು, ನಿನ್ನ ಹರಕು ತಂಬು ನೋಡಲಿಕ್ಕಲ್ಲ ಎಂದಳು. ನೇರವಾಗಿ ಹೋಗಿ ಎಲ್ಲರಿಗಿಂತ ಮುಂದೆ ಚಾಪೆ ಹಾಸಿದಳು.

ಔರಾದಿನವರು ಮರಾಠಿ ಹೆಚ್ಚು ಬಲ್ಲವರು, ಮರಾಠಿ ನಾಟಕದ ರುಚಿ ಹತ್ತಿದವರು, ಅವರಿಗಾಗಿ ನಾವು ಮೂರನೆಯ ಕೊನೆಯೊಂದನ್ನು ದಾರಿಯುದ್ದಕ್ಕೂ ಹೊಸೆದುಕೊಂಡು ಬಂದಿದ್ದೆವು. ಅದರಲ್ಲಿ ಮಗಳೇ ತಿರುಗಿ ಬರುತ್ತಿದ್ದಳು. ಐದನೆಯ ರೀಲು ಮುಗಿಯಿತು. ಗೋಡೆ, ನೆರಳು, ಎತ್ತಿದ ಕೈ, ಆಮೇಲೆ ಬಿಳಿಯ ಪರದೆ. ಡಂಗುರದವ ಬಾಯಿ ತೆರೆದ. ಮುಂದೆ ಕುಳಿತ ಅವ್ವನನ್ನು ನೋಡಿದ. ಬಾಯಿ ಮುಚ್ಚಿದ. ತುಂಬಿದ ತಂಬು ಅದು. ಅವನು ಡಂಗುರ ಎತ್ತಿಕೊಂಡ.

"ಕೇಳ್ರಿ ಮಹಾಜನಾ, ಸಮಸ್ತರಿಗಿ ತಿಳಸೂದು ಏನಂದ್ರ, ಈ ಚಿತ್ರದ ಕೊನೀ ರೀಲು ಸುಟ್ಟು ಹೋಗ್ಯಾದ. ಆ ಕೈ ಯಾರದಂತ ನಮಗ ಗೊತ್ತಿಲ್ಲ. ಕಂಡವರು ಇದ್ದರ ಬಂದು ತಿಳಸಬೇಕು." ಡಮ್ ಡಮ್. ಮರಾಠಿಯಲ್ಲಿ ಇನ್ನೊಮ್ಮೆ ಸಾರಿದ.

ಹಿಂದಿನಿಂದ ಒಬ್ಬ, "ನಮ್ಮ ಪೈಸಾ ವಾಪಸ್ ಕೊಡ್ರಿ" ಎಂದ. ಅವ್ವ ಕುಳಿತಲ್ಲಿಂದಲೇ ತಿರುಗಿ ಕೋಲು ತೋರಿಸಿದಳು. "ಯಾಕ ಕೊಡಬೇಕು? ಐದು ರೀಲು ಕಣ್ಣು ಮುಚ್ಚಿಕೊಂಡು ಕೂತಿದ್ದೇನು? ಸುಟ್ಟದ್ದು ಸುಟ್ಟಾದ ಅಂತ ಹೇಳಿದ ವ್ಯಾಪಾರಿ ಎಲ್ಲಿ ಸಿಗ್ತಾನ ನಿನಗ?"

ಒಬ್ಬ ನಕ್ಕ. ಇನ್ನೊಬ್ಬ ಕೈ ಪಾವಣ್ಯಾನದೇ ಎಂದ, ನೆರಳಿನಲ್ಲಿ ಅವನ ಅಂಗಿಯ ತೋಳಿನ ಗುಂಡಿ ನೋಡಿದ್ದೇನೆಂದ. ಅವನ ಹೆಂಡತಿ ಅಲ್ಲವೆಂದಳು. ಜಗಳ ತಂಬುವಿನಿಂದ ಹೊರಬಿದ್ದು ದಾರಿಯಲ್ಲಿ ಹೋಯಿತು. ಮರುದಿನ ಅಷ್ಟೂ ಜನ ಗುಂಡಿ ನೋಡಲು ಮತ್ತೆ ಬಂದರು, ಜೊತೆಗೆ ಸಾಕ್ಷಿಗಳನ್ನು ಕರೆತಂದರು. ಬೀದರಿನ ಸಾವು, ಭಾಲ್ಕಿಯ ಬದುಕು ಎರಡೂ ಔರಾದಿನ 'ಗೊತ್ತಿಲ್ಲ' ಎನ್ನುವ ಕೊನೆಯಷ್ಟು ನಡೆಯಲಿಲ್ಲ.

ಅವ್ವ ಚಾಪೆ ಸುತ್ತುತ್ತಿದ್ದಾಗ ನಾನೂ ಕೇಳಿದೆ, "ನಿಮಗ ಏನು ಅನಸ್ತದರಿ? ಆ ಕೈ ಯಾರದು?"

"ಯಾರದರೆ ಇರಲಿ. ದೀಪ ಆರಿತ್ತಲ್ಲ, ಹಚ್ಚಲಿಕ್ಕೆ ಎತ್ತಿರಬೇಕು" ಎಂದಳು. ಬಂಡಿ ಹತ್ತುವಾಗ ತಿರುಗಿ, ಹೊಲದ ಬಾವಿಗೆ ಹಗ್ಗ ಬೇಕು, ನಿನ್ನ ಹಳೆಯದಲ್ಲ, ಹೊಸದು, ಬೆಲೆ ಹೇಳು ಎಂದಳು. ಆ ಬಾವಿಯಿಂದ ಅವಳು ನೀರೆತ್ತಿಸುವುದನ್ನೇ ಬಿಟ್ಟಿದ್ದಳೆಂದು ನನಗೆ ಆಮೇಲೆ ತಿಳಿಯಿತು. ನಾನು ಬೆಲೆ ಹೇಳಿದೆ. ಅವಳು ಎದ್ದು ಹೋಗುವ ಆಟವನ್ನು ಬಂಡಿಯಲ್ಲಿ ಕುಳಿತೇ ಆಡಿದಳು. ಎತ್ತುಗಳು ನಾಲ್ಕು ಹೆಜ್ಜೆ ಇಟ್ಟವು, ನಾನೇ ಹಿಂದೆ ಓಡಿದೆ.

ಈಗ ನಿಮಗೆ ಹೇಳುವುದಿಷ್ಟು. ಅಗ್ಗದ ಸರಕು ಕೊಳ್ಳಿ, ಹೆದರಬೇಡಿ, ಆದರೆ ಏನು ಕಡಿಮೆಯಿದೆ ಎಂದು ಮೊದಲು ಕೇಳಿ, ಮಾರುವಾಗ ಅದನ್ನು ನೀವೇ ಮೊದಲು ಹೇಳಿ. ಗಿರಾಕಿ ತಾನಾಗಿ ಕಂಡುಹಿಡಿದರೆ ಬೆಲೆ ಬೀಳುತ್ತದೆ, ನೀವು ಹೇಳಿದರೆ ನಿಲ್ಲುತ್ತದೆ. ಸಾವಾದ ಮನೆಗೆ ಹೋದಾಗ ಹೀಗೆ ಆಗಬೇಕಿತ್ತು, ಹಣೆಯಲ್ಲಿ ಬರೆದಿತ್ತು ಎಂದು ನೀವು ನೋಡಿಲ್ಲದ ರೀಲನ್ನು ತೋರಿಸಲು ಹೋಗಬೇಡಿ. ರೊಟ್ಟಿ ಒಯ್ಯಿರಿ, ಕುಳಿತುಕೊಳ್ಳಿ, ಜಗಳಾಡುವವರಾದರೆ ಜಗಳಾಡಿ. ಇನ್ನು ಬಾವಿಯ ಹಗ್ಗ ಕೊಳ್ಳುವಾಗ ತುದಿ ನೋಡಿ ಮೋಸಹೋಗಬೇಡಿ, ತುದಿ ಎಲ್ಲ ವ್ಯಾಪಾರಿಯೂ ಚೆನ್ನಾಗಿಯೇ ಇಟ್ಟಿರುತ್ತಾನೆ. ನಡುವೆ ಎರಡು ಮೂರು ಕಡೆ ಹುರಿ ಬಿಚ್ಚಿ ಒಳಗಿನ ನಾರು ಎಳೆದು ನೋಡಿ. ಗಂಟು ಬಿದ್ದದ್ದನ್ನು ದಸರೆಯವರೆಗೆ ಇಡಬೇಡಿ, ಇವತ್ತೇ ಬದಲಿಸಿ.